ಪೇಟೆಂಟ್ ದಾವೆ ಶುರುವಲ್ಲೇ ವಾಪಸ್: ಮೆಮೋದ ಆ ಒಂದು ಸಾಲು ಓದದೆ ಒಪ್ಪಿಗೆ ಕೊಡಬೇಡಿ

ಕೂಡ್ಲೂರು_ಅಸೆಂಬ್ಲಿ:
ತಿಳಿದವರು ಹೇಳಿ. ಗಾಯದ ಮೇಲೆ ಸ್ಪಂಜು ಇಟ್ಟು, ಪಾರದರ್ಶಕ ಹಾಳೆ ಅಂಟಿಸಿ, 125 ಮಿ.ಮೀ. ಪಾದರಸದಷ್ಟು ಋಣ ಒತ್ತಡದಲ್ಲಿ ಕೀವು-ನೀರು ಎಳೆಯುವ ಸಣ್ಣ ಪಂಪು ಇದೆಯಲ್ಲ, ಅಂಥದ್ದನ್ನು ಕುಶಾಲನಗರದ ಕಡೆ ಜೋಡಿಸಿ ಮಾರುವ ಘಟಕದ ಮೇಲೆ ಪೇಟೆಂಟ್ ಉಲ್ಲಂಘನೆ ದಾವೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಸಮನ್ಸ್ ಬಂದು ಆರು ವಾರ. ತಕರಾರು (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ) ಇನ್ನೂ ಹಾಕಿಲ್ಲ. ಅಷ್ಟರಲ್ಲಿ ವಾದಿಯ ಕಡೆಯವರೇ "ದಾವೆ ವಾಪಸ್ ತಗೊಳ್ತೀವಿ, ನೀವು ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಿ" ಅಂತಾರೆ. ಕೊಡಬಹುದಾ? ಅದೇ ವಾದಿ ಅಮೆರಿಕದಲ್ಲಿ ಇದೇ ಪಂಪಿನ ಆಮದುದಾರನ ಮೇಲೆ ಹಾಕಿದ್ದನ್ನೂ ಶುರುವಲ್ಲೇ ವಾಪಸ್ ತಗೊಂಡಿದ್ದರೆ, ಎರಡೂ ವಾಪಸ್ಸಿಗೆ ಒಂದೇ ಅರ್ಥವಾ?

ಕಪ್ಪುಕೋಟು_ಮಡಿಕೇರಿ:
ವಾಪಸ್ ವಿಚಾರ ಆಮೇಲೆ. ಮೊದಲು ದಿನ ಎಣಿಸಿ. ಪೇಟೆಂಟ್ ದಾವೆ ವಾಣಿಜ್ಯ ವ್ಯಾಜ್ಯ. ಮೌಲ್ಯ ₹3 ಲಕ್ಷ ದಾಟಿದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ಸಮನ್ಸ್ ಜಾರಿಯಾದ 30 ದಿನದೊಳಗೆ ತಕರಾರು ಹಾಕಬೇಕು. ಕಾರಣ ಕೊಟ್ಟು, ಕೋರ್ಟ್ ಹೇಳಿದ ಖರ್ಚು ಕಟ್ಟಿ 120 ದಿನದವರೆಗೆ ಹೋಗಬಹುದು. 121ನೇ ದಿನ ಹಕ್ಕೇ ಇಲ್ಲ, ನ್ಯಾಯಾಧೀಶರಿಗೆ ಮನಸ್ಸಿದ್ದರೂ ತಗೊಳ್ಳಲಾಗದು. ಸುಪ್ರೀಂ ಕೋರ್ಟ್ 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ತೀರ್ಪಿನಲ್ಲಿ ಇದನ್ನು ಖಚಿತ ಮಾಡಿದೆ. ಆರು ವಾರ ಅಂದರೆ 42 ದಿನ, 30 ಆಗಲೇ ದಾಟಿದೆ. "ಹೇಗೂ ವಾಪಸ್ ತಗೊಳ್ತಾರಲ್ಲ" ಅಂತ ತಕರಾರು ಬರೆಯುವುದನ್ನು ನಿಲ್ಲಿಸುವುದೇ ಇಂಥ ಕೇಸಲ್ಲಿ ಆಗುವ ಮೊದಲ ಅನಾಹುತ. ಮೂರು ವಾಯಿದೆ ಮಾತುಕತೆಯಲ್ಲೇ ಕಳೆಯುತ್ತದೆ, ವಾಪಸ್ ಬರುವುದಿಲ್ಲ, 120 ಮುಗಿಯುತ್ತದೆ. ಹಾಗಾಗಿ ಮಾತುಕತೆ ಒಂದು ಕಡೆ ನಡೆಯಲಿ. ತಕರಾರಿನ ಕರಡು, ವಿಳಂಬ ಮನ್ನಿಸಲು ಐಎ (ದಾವೆಯೊಳಗಿನ ಮಧ್ಯಂತರ ಅರ್ಜಿ), ಅಫಿಡವಿಟ್ ಇವತ್ತೇ ತಯಾರಾಗಲಿ.

ಈಗ ವಾಪಸ್ಸು. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 23 ರೂಲ್ 1ರಲ್ಲಿ ಎರಡು ದಾರಿ ಇವೆ. ಒಂದು, ಬರೀ ವಾಪಸ್. ವಾದಿ ಒಂದು ಮೆಮೋ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಹೇಳಿಕೆ) ಹಾಕುತ್ತಾನೆ, ಮುಗಿಯಿತು. ಇದು ಅವನ ಹಕ್ಕು, ತೀರ್ಪಿಗೆ ಮುಂಚೆ ಯಾವಾಗ ಬೇಕಾದರೂ ಮಾಡಬಹುದು, ಪ್ರತಿವಾದಿಯ ಒಪ್ಪಿಗೆಯ ಅಗತ್ಯವಿಲ್ಲ (ಹುಲಾಸ್ ರಾಯ್ ಬೈಜನಾಥ್ ಪ್ರಕರಣ, ಸುಪ್ರೀಂ ಕೋರ್ಟ್). ಬೆಲೆ ಏನೆಂದರೆ ಉಪನಿಯಮ 4ರ ಪ್ರಕಾರ ಅದೇ ವಿಷಯದ ಮೇಲೆ ಮತ್ತೆ ದಾವೆ ಹಾಕುವಂತಿಲ್ಲ, ಜೊತೆಗೆ ಕೋರ್ಟ್ ಹಾಕಿದ ಖರ್ಚು ಕೊಡಬೇಕು. ಎರಡನೆಯದು, ಹೊಸ ದಾವೆ ಹಾಕುವ ಹಕ್ಕು ಕಾಯ್ದಿರಿಸಿಕೊಂಡು ವಾಪಸ್. ಇದಕ್ಕೆ ಮೆಮೋ ಸಾಲದು. ಉಪನಿಯಮ 3ರ ಕೆಳಗೆ ಐಎ ಬೇಕು, ಅಫಿಡವಿಟ್ ಬೇಕು. ದಾವೆ ಯಾವುದೋ ಔಪಚಾರಿಕ ದೋಷದಿಂದ ಬಿದ್ದುಹೋಗುತ್ತದೆ ಅಥವಾ ಬೇರೆ ಸಾಕಷ್ಟು ಕಾರಣ ಇದೆ ಅಂತ ಕೋರ್ಟಿಗೆ ಮನವರಿಕೆಯಾಗಬೇಕು.

ಈಗ ಯೋಚಿಸಿ: ಮೊದಲನೆಯದಕ್ಕೆ ನಿಮ್ಮ ಒಪ್ಪಿಗೆಯೇ ಬೇಡ. ಅವರು ಅದನ್ನು ಕೇಳುತ್ತಿದ್ದಾರೆ ಅಂದರೆ ಬಹುತೇಕ ಎರಡನೆಯದನ್ನೇ ತರುತ್ತಿದ್ದಾರೆ.

ಗೋಣಿಕೊಪ್ಪ_ಸರ್ಜಿಕಲ್ಸ್:
ಆಕ್ಷೇಪಣೆ ಇಲ್ಲ ಅಂತ ಬರೆದರೆ ನಷ್ಟ ಏನು ಸರ್? ಹೇಗೂ ಕೋರ್ಟ್ ತಾನೇ ನೋಡುತ್ತದೆ.

ಕಪ್ಪುಕೋಟು_ಮಡಿಕೇರಿ:
ನೋಡಬೇಕು, ಸರಿ. ಸುಮ್ಮನೆ ಕೇಳಿದ್ದಕ್ಕೆ ಕೊಡುವ ಅನುಮತಿ ಅಲ್ಲ ಇದು ಅಂತ ಸುಪ್ರೀಂ ಕೋರ್ಟ್ ಕೆ.ಎಸ್. ಭೂಪತಿ (2000), ವಿ. ರಾಜೇಂದ್ರನ್ (2017) ಎರಡರಲ್ಲೂ ಹೇಳಿದೆ. ಆದರೆ ಎದುರುಗಡೆಯವನೇ ಅಡ್ಡಿ ಇಲ್ಲ ಅಂದಾಗ ಕಾರಣ ಅಗೆಯುವವರು ಯಾರು? ಆರ್ಡರ್ ಶೀಟಿನಲ್ಲಿ ಎರಡು ಸಾಲು ಬಿದ್ದು ಕಡತ ಮುಚ್ಚುತ್ತದೆ. ಖರ್ಚಿನ ಮಾತೂ ಅಲ್ಲಿಗೇ ಮುಗಿಯಿತು.

ಆಕ್ಷೇಪಣೆ ಹಾಕಿದರೆ ವಾದಿ ದೋಷ ಯಾವುದು ಅಂತ ಹೆಸರು ಹಿಡಿದು ಹೇಳಬೇಕಾಗುತ್ತದೆ. ಸಾಕ್ಷ್ಯ ಸಾಲದು, ಪರೀಕ್ಷಾ ವರದಿ ತಮಗೇ ತಿರುಗಿಬಿತ್ತು ಅನ್ನುವುದು ಔಪಚಾರಿಕ ದೋಷ ಅಲ್ಲ. ಇನ್ನೊಂದು ಅಂಶ: ಹಕ್ಕು ಕಾಯ್ದಿರಿಸಿ ಅಂತ ಕೇಳಿದ ಐಎಯನ್ನು ಅರ್ಧ ಮಾತ್ರ ಒಪ್ಪಿ "ವಾಪಸ್ ಸರಿ, ಹಕ್ಕು ಇಲ್ಲ" ಅನ್ನುವಂತಿಲ್ಲ, ಇಡಿಯಾಗಿ ಒಪ್ಪಬೇಕು ಇಲ್ಲವೇ ತಳ್ಳಬೇಕು ಎಂದು ಹಲವು ಹೈಕೋರ್ಟುಗಳು ಹೇಳಿವೆ. ತಳ್ಳಿದರೆ ವಾದಿಗೆ ಮತ್ತೆ ದಾವೆ ನಡೆಸುವ ಅವಕಾಶ ಇರುತ್ತದೆ. ಹಾಗಾಗಿ ಆಕ್ಷೇಪಣೆ ಹಾಕಿ ಗೆದ್ದರೆ ದಾವೆ ಮುಗಿಯುವುದಿಲ್ಲ, ಮುಂದುವರಿಯುತ್ತದೆ. ಅದಕ್ಕೆ ತಯಾರಿದ್ದವರು ಮಾತ್ರ ಹಾಕಿ.

ಸಿದ್ದಾಪುರದವ_ಡೆಲಾವೇರ್:
ಅಮೆರಿಕದ ಭಾಗ ನಾನು ಹೇಳುತ್ತೇನೆ. ಅಲ್ಲಿ ನಿಯಮ ತಲೆಕೆಳಗು. ಫೆಡರಲ್ ಸಿವಿಲ್ ನಿಯಮಾವಳಿಯ 41(ಎ)(1)(ಎ)(ಐ) ಅಂತ ಇದೆ. ಪ್ರತಿವಾದಿ ಉತ್ತರವನ್ನೋ ಸಮ್ಮರಿ ಜಡ್ಜ್‌ಮೆಂಟ್ (ಪೂರ್ಣ ವಿಚಾರಣೆ ಇಲ್ಲದೆ ತೀರ್ಪು ಕೇಳುವ) ಅರ್ಜಿಯನ್ನೋ ಕೊಡುವ ಮುಂಚೆ ವಾದಿ ಒಂದು ನೋಟಿಸ್ ಫೈಲ್ ಮಾಡಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ನ್ಯಾಯಾಧೀಶರ ಆದೇಶ ಬೇಡ, ಕಾರಣ ಹೇಳಬೇಕಿಲ್ಲ. ನೋಟಿಸಿನಲ್ಲಿ ಬೇರೆ ಏನೂ ಬರೆಯದಿದ್ದರೆ ಅದು "ವಿದೌಟ್ ಪ್ರೆಜುಡಿಸ್", ಅಂದರೆ ಮತ್ತೆ ಹಾಕಬಹುದು. ಮಡಿಕೇರಿ ಸರ್ ಹೇಳಿದ ಪ್ರಕಾರ ನಮ್ಮಲ್ಲಿ ಏನೂ ಬರೆಯದಿದ್ದರೆ ಮತ್ತೆ ಹಾಕುವಂತಿಲ್ಲ. ಒಂದೇ ರೀತಿಯ ಎರಡು ಸಾಲಿನ ಕಾಗದ, ಎರಡು ದೇಶದಲ್ಲಿ ಉಲ್ಟಾ ಫಲ.

ತೋಟದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿನದು ಕವಾತು, ಇಲ್ಲಿನದು ಬುಡ ಕೀಳುವುದು. ಕವಾತು ಮಾಡಿದ ಗಿಡ ಚಿಗುರದೆ ಇರುತ್ತದಾ?

ಎಷ್ಟು ಸಲ ಚಿಗುರಬಹುದು ಅನ್ನುವುದಕ್ಕೆ ಮಿತಿ ಇದೆ. ಅದೇ ಬೇಡಿಕೆಯ ಕೇಸನ್ನು ಮೊದಲೇ ಒಮ್ಮೆ ಫೆಡರಲ್ ಅಥವಾ ರಾಜ್ಯ ಕೋರ್ಟಿನಲ್ಲಿ ವಾಪಸ್ ತಗೊಂಡಿದ್ದರೆ ಎರಡನೆಯ ನೋಟಿಸು ಅಂತಿಮ ತೀರ್ಪಿಗೆ ಸಮ. ಮತ್ತೆ ಹಾಕಿದಾಗ ಹಿಂದಿನ ಕೇಸಿನ ಖರ್ಚು ಮೊದಲು ಕಟ್ಟು ಅಂತ 41(ಡಿ) ಕೆಳಗೆ ಕೇಳಬಹುದು, ಕಟ್ಟುವವರೆಗೆ ಹೊಸ ಕೇಸನ್ನು ನಿಲ್ಲಿಸಬಹುದು.

ಅಲ್ಲಿ ಪ್ರತಿವಾದಿ ಮಾಡುವ ತಪ್ಪು ಯಾವುದು ಗೊತ್ತಾ? ಕೇಸೇ ನಿಲ್ಲದು, ವಜಾ ಮಾಡಿ ಅಂತ 12(ಬಿ)(6) ಅರ್ಜಿ ಹಾಕಿ ಕೂತಿರುತ್ತಾರೆ. ಆ ಅರ್ಜಿ ಬಾಗಿಲು ಮುಚ್ಚುವುದಿಲ್ಲ. ವಾದಿ ಅದನ್ನು ಓದಿ, ತನ್ನ ತಪ್ಪೆಲ್ಲ ಪುಕ್ಕಟೆ ತಿಳಿದುಕೊಂಡು, ನೋಟಿಸ್ ಹಾಕಿ ಹೊರಗೆ ಹೋಗಿ, ತಿದ್ದಿಕೊಂಡು ಬೇರೆ ಜಿಲ್ಲೆಯ ಕೋರ್ಟಿಗೆ ಬರುತ್ತಾನೆ. ಅವನನ್ನು ಅಲ್ಲೇ ಹಿಡಿದಿಡಬೇಕಾದರೆ ಉತ್ತರ ಕೊಡಬೇಕು, ಜೊತೆಗೆ ಪೇಟೆಂಟ್ ಅಸಿಂಧು ಅಂತ ಪ್ರತಿದಾವೆ. ಉತ್ತರ ಸರ್ವ್ ಆದ ಮೇಲೆ ಎಲ್ಲರ ಸಹಿ ಇಲ್ಲದೆ, ಇಲ್ಲವೇ ಕೋರ್ಟ್ ಆದೇಶ ಇಲ್ಲದೆ ವಾಪಸ್ಸಿಲ್ಲ.

ಪೇಟೆಂಟ್_ಪೊನ್ನಂಪೇಟೆ:
ಸಿದ್ದಾಪುರದ ಅಣ್ಣ, ವಕೀಲರ ಫೀ ವಿಚಾರ ಬಿಟ್ಟಿರಿ. ಪ್ರತಿವಾದಿಗೆ ಅಲ್ಲಿ ಸಿಗುವ ದೊಡ್ಡ ಮೊತ್ತ ಅದೇ ಅಲ್ಲವೇ?

ಸಿದ್ದಾಪುರದವ_ಡೆಲಾವೇರ್:
ಹೌದು ಮೇಡಂ, ಸಿಗದೇ ಹೋಗುವುದೂ ಅದೇ. ಅಮೆರಿಕದ ಪೇಟೆಂಟ್ ಕಾನೂನಿನ ಸೆಕ್ಷನ್ 285ರಲ್ಲಿ ಅಸಾಧಾರಣ ಪ್ರಕರಣದಲ್ಲಿ ಗೆದ್ದವರಿಗೆ ವಕೀಲರ ಫೀ ಕೊಡಿಸಬಹುದು. 2014ರ ಆಕ್ಟೇನ್ ಫಿಟ್‌ನೆಸ್ ತೀರ್ಪಿನ ನಂತರ ಅಸಾಧಾರಣ ಅನ್ನಿಸಿಕೊಳ್ಳುವುದು ಮೊದಲಿಗಿಂತ ಸುಲಭ. ಆದರೆ "ಗೆದ್ದವರು" ಯಾರು? ಫೆಡರಲ್ ಸರ್ಕಿಟ್ (ಅಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಕೋರ್ಟ್) 2020ರ ಮಾಸ್‌ಬರ್ಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಉತ್ತರಕ್ಕೆ ಮುಂಚೆ, ಮತ್ತೆ ಹಾಕುವ ಹಕ್ಕು ಉಳಿಸಿಕೊಂಡು ನೋಟಿಸಿನ ಮೇಲೆ ವಾಪಸ್ ಹೋದರೆ ಪ್ರತಿವಾದಿ ಗೆದ್ದವನಲ್ಲ, ಫೀ ಇಲ್ಲ. ಹಕ್ಕು ಬಿಟ್ಟುಕೊಟ್ಟು, ಅಂದರೆ "ವಿತ್ ಪ್ರೆಜುಡಿಸ್" ಆಗಿ ವಾಪಸ್ ಹೋದರೆ ಲೆಕ್ಕ ಬೇರೆ. ಅಲ್ಲಿ ಆ ಒಂದು ಪದಕ್ಕೆ ಜಗ್ಗಾಟ ನಡೆಯುವುದು ಇದಕ್ಕೇ.

ಆದರೂ ಪೂರ್ತಿ ನುಣುಚಿಕೊಳ್ಳಲಾಗದು. ಬುಡವಿಲ್ಲದ ಕೇಸು ಹಾಕಿದ್ದಕ್ಕೆ ರೂಲ್ 11ರ ದಂಡ, ಕೇಸು ವಾಪಸ್ ಆದ ಮೇಲೂ ವಿಧಿಸಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1990ರ ಕೂಟರ್ ಅಂಡ್ ಗೆಲ್ ಪ್ರಕರಣದಲ್ಲಿ ಹೇಳಿದೆ. ಪ್ರತಿವಾದಿ ರೂಲ್ 11 ಅರ್ಜಿಯನ್ನು ಕೋರ್ಟಿಗೆ ಹಾಕುವ ಮೊದಲು ವಾದಿಗೆ ಕಳಿಸಿ 21 ದಿನ ಕಾಯಬೇಕು. ಆ 21 ದಿನದೊಳಗೆ ವಾದಿ ಹಿಂದೆ ಸರಿದರೆ ಆ ಅರ್ಜಿ ಕೋರ್ಟಿಗೆ ಹೋಗದು. ಕಾರಣ ಹೇಳದ ವಾಪಸ್ ನೋಟಿಸಿನ ಹಿಂದೆ ಎಷ್ಟೋ ಸಲ ಇಂಥ ಒಂದು ಪತ್ರ ಇರುತ್ತದೆ.

ಕೂಡ್ಲೂರು_ಅಸೆಂಬ್ಲಿ:
ವೈದ್ಯಕೀಯ ಸಾಧನಕ್ಕೇ ಅಂತ ವಿಶೇಷ ಕಾರಣ ಏನಾದರೂ ಇರುತ್ತದಾ, ಇಷ್ಟು ಬೇಗ ವಾಪಸ್ ಹೋಗಲು?

ಸಿದ್ದಾಪುರದವ_ಡೆಲಾವೇರ್:
ಇರುತ್ತದೆ. ಅಲ್ಲಿ ಔಷಧ, ಸಾಧನಗಳಿಗೆ ಅನುಮೋದನೆ ಕೊಡುವ ಎಫ್‌ಡಿಎಗೆ ಮಾಹಿತಿ ಸಲ್ಲಿಸುವುದಕ್ಕೆ ಸಂಬಂಧಿಸಿದ ಬಳಕೆ ಉಲ್ಲಂಘನೆ ಅಲ್ಲ ಎಂಬ ರಕ್ಷಣೆ ಅಲ್ಲಿನ ಪೇಟೆಂಟ್ ಕಾನೂನಿನ 271(ಇ)(1)ರಲ್ಲಿದೆ. ಇದು ಔಷಧಕ್ಕೆ ಮಾತ್ರವಲ್ಲ, ಸಾಧನಕ್ಕೂ ಅನ್ವಯ ಅಂತ 1990ರಲ್ಲೇ ಎಲಿ ಲಿಲ್ಲಿ–ಮೆಡ್‌ಟ್ರಾನಿಕ್ ಪ್ರಕರಣದಲ್ಲಿ ತೀರ್ಮಾನ ಆಗಿದೆ. ನಮ್ಮವರಿಗೆ ಹತ್ತಿರದ ಉದಾಹರಣೆ ವಾಪಿಯ ಮೆರಿಲ್ ಕಂಪನಿಯದು. ಸ್ಯಾನ್ ಫ್ರಾನ್ಸಿಸ್ಕೊದ ಹೃದ್ರೋಗ ಸಮ್ಮೇಳನಕ್ಕೆ ಕೃತಕ ಹೃದಯ ಕವಾಟದ ಮಾದರಿ ಒಯ್ದಿದ್ದಕ್ಕೆ ಎಡ್ವರ್ಡ್ಸ್ ಕೇಸು ಹಾಕಿತ್ತು. ಈ ರಕ್ಷಣೆ ಮೆರಿಲ್‌ಗೆ ಸಿಗುತ್ತದೆ ಅಂತ ಫೆಡರಲ್ ಸರ್ಕಿಟ್ 2024ರಲ್ಲಿ ಎತ್ತಿಹಿಡಿಯಿತು. ಅದು ವಾಪಸ್ ಆದ ಕೇಸಲ್ಲ, ಕೊನೆಯವರೆಗೆ ಹೋದದ್ದು. ಆದರೆ ಪ್ರತಿವಾದಿ ಇನ್ನೂ ಅನುಮೋದನೆಯ ಹಂತದಲ್ಲೇ ಇದ್ದಾನೆ ಅಂತ ಗೊತ್ತಾದಾಗ ವಾದಿಗಳು ಯಾಕೆ ಹಿಂದೆ ಸರಿಯುತ್ತಾರೆ ಅಂತ ಇದರಿಂದ ತಿಳಿಯುತ್ತದೆ. ಮಾರಾಟ ಶುರುವಾದ ಮೇಲೆ ಬರೋಣ ಅಂತ ಹೋಗುತ್ತಾರೆ. ಅಷ್ಟೇ.

ಪೇಟೆಂಟ್_ಪೊನ್ನಂಪೇಟೆ:
ಭಾರತದಲ್ಲಿ ಅದಕ್ಕೆ ಸಮಾನವಾದದ್ದು ಪೇಟೆಂಟ್ ಕಾಯ್ದೆಯ 107ಎ(ಎ). ಆದರೆ ನಮ್ಮಲ್ಲಿ ಬೇಗ ವಾಪಸ್ ಆಗುವುದಕ್ಕೆ ಕಾರಣ ಹೆಚ್ಚಾಗಿ ಕಾಗದದಲ್ಲೇ ಇರುತ್ತದೆ, ಯಂತ್ರದಲ್ಲಲ್ಲ. ಪ್ರತಿವಾದಿಯ ಕಡೆಯವರು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅರ್ಧ ದಿನ ಕೂತರೆ ಕಾರಣ ಸಿಕ್ಕಿಬಿಡುತ್ತದೆ.

ನವೀಕರಣ ಶುಲ್ಕ ಕಟ್ಟಿದ್ದಾರಾ? 53ನೇ ಸೆಕ್ಷನ್ ಪ್ರಕಾರ ಮೂರನೇ ವರ್ಷದಿಂದ ಪ್ರತಿ ವರ್ಷದ್ದು ಕಟ್ಟಬೇಕು, ತಪ್ಪಿದರೆ ಇನ್ನು 6 ತಿಂಗಳು ಅವಕಾಶ. ಅದೂ ತಪ್ಪಿದರೆ ಪೇಟೆಂಟ್ ಸತ್ತ ಹಾಗೆ. 18 ತಿಂಗಳೊಳಗೆ ಪುನಃಸ್ಥಾಪನೆ ಕೇಳಬಹುದು. ಎರಡನೆಯದಾಗಿ, ದಾವೆ ಹಾಕಿದವರ ಹೆಸರೇ ರಿಜಿಸ್ಟರಿನಲ್ಲಿ ಇದೆಯಾ? ಸಾಧನದ ಕಂಪನಿಗಳು ಒಂದನ್ನೊಂದು ಕೊಳ್ಳುತ್ತಲೇ ಇರುತ್ತವೆ, ಪೇಟೆಂಟ್ ಮಾತ್ರ ಹಳೇ ಹೆಸರಲ್ಲೇ ಉಳಿದಿರುತ್ತದೆ. ವರ್ಗಾವಣೆ ಬರಹದಲ್ಲಿರಬೇಕು (68), ನೋಂದಣಿ ಆಗಿರಬೇಕು (69). ನೋಂದಣಿಯಾಗದ ಪತ್ರವನ್ನು ಹಕ್ಕಿನ ಪುರಾವೆಯಾಗಿ ಕೋರ್ಟ್ ತಗೊಳ್ಳುವುದು ಕಷ್ಟ. ಮೂರನೆಯದು, ಮಂಜೂರಾತಿ ಆಗಿದೆಯಾ ಅನ್ನುವುದು. ಪ್ರಕಟಣೆಯ ದಿನದಿಂದ ಹಕ್ಕು ಬರುತ್ತದೆ ನಿಜ, ಆದರೆ ಮಂಜೂರಾಗುವ ಮುನ್ನ ದಾವೆ ಹಾಕುವಂತಿಲ್ಲ, 11ಎ(7) ನೋಡಿ.

ಯಂತ್ರದ ಕಡೆ ಬಂದರೆ, ಕ್ಲೇಮಿನ (ಪೇಟೆಂಟಿನಲ್ಲಿ ಹಕ್ಕಿನ ಎಲ್ಲೆ ಹೇಳುವ ವಾಕ್ಯದ) ಒಂದೊಂದು ಅಂಶವನ್ನೂ ಕೋಷ್ಟಕ ಮಾಡಿ. ಈ ಪಂಪಿನ ಉದಾಹರಣೆಯಲ್ಲೇ ನೋಡೋಣ: ಪಂಪು, ದ್ರವ ತುಂಬುವ ಡಬ್ಬಿ, ಸ್ಪಂಜು, ಎರಡು ನಾಳದ ಕೊಳವೆ (ಒಂದರಲ್ಲಿ ಎಳೆತ, ಇನ್ನೊಂದರಲ್ಲಿ ಗಾಯದ ಬಳಿಯ ಒತ್ತಡದ ಅಳತೆ), ಸೋರಿಕೆ ಅಲಾರಂ. ನಿಮ್ಮದರಲ್ಲಿ ಕೊಳವೆಗೆ ಒಂದೇ ನಾಳ, ಒತ್ತಡ ಅಳೆಯುವುದು ಪಂಪಿನ ಬಾಯಲ್ಲಿ ಅಂದರೆ ನಾಲ್ಕನೇ ಅಂಶ ಇಲ್ಲ. ಒಂದು ಅಂಶ ಇಲ್ಲದಿದ್ದರೆ ಅಕ್ಷರಶಃ ಉಲ್ಲಂಘನೆ ಇಲ್ಲ. ಸಮಾನ ಕೆಲಸ ಮಾಡುತ್ತದೆ ಅಂತ ಅವರು ವಾದಿಸಬಹುದು, ಅದು ಬೇರೆ. ದಾವೆಗೆ ಮುಂಚೆ ಒಂದು ಪಂಪು ಕೊಂಡು ಬಿಚ್ಚಿ ನೋಡದೆ ಬ್ರೋಷರ್ ನೋಡಿ ಕೇಸು ಹಾಕಿದವರು, ಕೋರ್ಟ್ ಕಮಿಷನರ್ (ಸ್ಥಳ ತಪಾಸಣೆಗೆ ಕೋರ್ಟ್ ನೇಮಿಸಿದವರು) ವರದಿಯಲ್ಲಿ ಚಿತ್ರ ಬಂದ ಮೇಲೆ ಹಿಂದೆ ಸರಿಯುತ್ತಾರೆ.

ಕಪ್ಪುಕೋಟು_ಮಡಿಕೇರಿ:
ಇನ್ನೊಂದು ಕಾರಣ ಸೇರಿಸುತ್ತೇನೆ, ಅದರಲ್ಲಿ ಒಂದು ತಮಾಷೆಯೂ ಇದೆ. ತುರ್ತು ತಡೆಯಾಜ್ಞೆ ಕೇಳದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಿಬರುವುದು ಕಡ್ಡಾಯ (ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 12ಎ). 2022ರ ಪಾಟೀಲ್ ಆಟೊಮೇಷನ್ ತೀರ್ಪಿನ ಪ್ರಕಾರ 20-8-2022ರಿಂದ ಈಚೆಗೆ, ಅದಿಲ್ಲದ ದಾವಾಪತ್ರ ತಿರಸ್ಕೃತವಾಗುತ್ತದೆ. ಪ್ರತಿವಾದಿ ದಾವಾಪತ್ರ ತಿರಸ್ಕರಿಸಿ ಅಂತ ಆರ್ಡರ್ 7 ರೂಲ್ 11 ಕೆಳಗೆ ಅರ್ಜಿ ಹಾಕಿದ ಕೂಡಲೇ ಕೆಲವರು ಗಾಬರಿಯಾಗಿ ಮೆಮೋ ಹಾಕಿ ವಾಪಸ್ ಹೋಗುತ್ತಾರೆ. ವಾಸ್ತವದಲ್ಲಿ ತಿರಸ್ಕೃತ ಆಗಿದ್ದರೆ ರೂಲ್ 13ರ ಪ್ರಕಾರ ಹೊಸ ದಾವಾಪತ್ರ ಹಾಕಬಹುದಿತ್ತು. ಬರೀ ಮೆಮೋ ಹಾಕಿ ಹೋದದ್ದಕ್ಕೆ ಅದೂ ಹೋಯಿತು. ಹಾಗಾಗಿ ಪ್ರತಿವಾದಿಗೆ ತಿರಸ್ಕಾರಕ್ಕಿಂತ ಬರೀ ವಾಪಸ್ಸೇ ಲಾಭ. ಸುಮ್ಮನೆ ಇರುವುದೇ ಜಾಣತನ ಅನ್ನುವ ದಿನವೂ ಬರುತ್ತದೆ.

ಇನ್ನು ವ್ಯಾಪ್ತಿ. ಪೇಟೆಂಟ್ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಇಲ್ಲ (ಸೆಕ್ಷನ್ 104), ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಈ ಅಧಿಕಾರ ಇಲ್ಲ. ಟ್ರೇಡ್‌ಮಾರ್ಕ್‌ನಲ್ಲಿ ಇರುವಂತೆ ವಾದಿ ತನ್ನ ಊರಲ್ಲೇ ಹಾಕುವ ಸೌಲಭ್ಯ ಪೇಟೆಂಟಿನಲ್ಲಿಲ್ಲ. ಪ್ರತಿವಾದಿ ಇರುವ ಕಡೆ, ಇಲ್ಲವೇ ಮಾರಾಟ ಆದ ಕಡೆ ಮಾತ್ರ. ದೂರದ ಊರಲ್ಲಿ ಹಾಕಿ, ಅಲ್ಲಿ ಒಂದು ಪಂಪೂ ಮಾರಾಟ ಆಗಿಲ್ಲ ಅಂತ ಗೊತ್ತಾದಾಗ ವಾಪಸ್ಸಿನ ಮಾತು ಬರುತ್ತದೆ.

ಲೆಕ್ಕಪತ್ರ_ಸೋಮವಾರಪೇಟೆ:
ಹಕ್ಕು ಕಾಯ್ದಿರಿಸಿ ವಾಪಸ್ ಹೋದರೆ ಕಾಲಮಿತಿ ನಿಂತಿರುತ್ತದಾ?

ಕಪ್ಪುಕೋಟು_ಮಡಿಕೇರಿ:
ಇಲ್ಲ. ಆರ್ಡರ್ 23 ರೂಲ್ 2: ಮೊದಲ ದಾವೆ ಹಾಕೇ ಇರಲಿಲ್ಲ ಅನ್ನುವ ಹಾಗೆ ಎಣಿಕೆ. ಪರಿಹಾರಕ್ಕೆ ಕಾಲಮಿತಿ ಕಾಯ್ದೆಯ 88ನೇ ವಿಧಿ, ಉಲ್ಲಂಘನೆಯ ದಿನದಿಂದ 3 ವರ್ಷ. ವಿನಾಯಿತಿ ಒಂದೇ: ಕೋರ್ಟಿಗೆ ವ್ಯಾಪ್ತಿ ಇಲ್ಲ ಅಥವಾ ಅಂಥದ್ದೇ ಕಾರಣಕ್ಕೆ ಅನುಮತಿ ಸಿಕ್ಕಿದ್ದರೆ ಅದೇ ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ ಕಳೆದ ಸಮಯ ಬಿಡಿಸಿಕೊಳ್ಳಬಹುದು. ಹಾಗಾಗಿ ಅನುಮತಿ ಆದೇಶದಲ್ಲಿ ಕಾರಣ ಏನು ಬರೆದಿದೆ ಅನ್ನುವುದು ಎರಡೂ ಕಡೆಯವರಿಗೆ ದುಡ್ಡಿನ ಪ್ರಶ್ನೆ.

ಸಿದ್ದಾಪುರದವ_ಡೆಲಾವೇರ್:
ಅಮೆರಿಕದಲ್ಲಿ ದೂರು ಸಲ್ಲಿಸಿದ ದಿನದಿಂದ ಹಿಂದಕ್ಕೆ 6 ವರ್ಷದ ನಷ್ಟ ಮಾತ್ರ. ವಾಪಸ್ ತಗೊಂಡು ಎರಡು ವರ್ಷ ಬಿಟ್ಟು ಹಾಕಿದರೆ ಆ ಕಿಟಕಿಯೂ ಎರಡು ವರ್ಷ ಮುಂದೆ ಸರಿಯಿತು.

ಪ್ರತಿವಾದಿಗೆ ಇನ್ನೊಂದು ಗಡಿಯಾರ ಇದೆ, ಅದು ಕಾಣಿಸದ ಗಡಿಯಾರ. ಪೇಟೆಂಟನ್ನು ಪೇಟೆಂಟ್ ಕಚೇರಿಯಲ್ಲೇ ಪ್ರಶ್ನಿಸುವ ಇಂಟರ್ ಪಾರ್ಟಿಸ್ ರಿವ್ಯೂಗೆ ದೂರು ಸರ್ವ್ ಆದ ದಿನದಿಂದ 1 ವರ್ಷ ಗಡುವು, 315(ಬಿ). ಕೇಸು ವಾಪಸ್ ಆಯಿತಲ್ಲ, ಆ ಗಡುವೂ ಹೋಯಿತು ಅಂದುಕೊಳ್ಳಬೇಡಿ. ಮೊದಲ ದೂರು ಕೈಗೆ ಬಂದ ದಿನದಿಂದಲೇ ವರ್ಷ ಎಣಿಸಿ. ವಾದಿ ಹಾಕಿ, ವಾಪಸ್ ತಗೊಂಡು, 13 ತಿಂಗಳಿಗೆ ಮತ್ತೆ ಹಾಕಿದರೆ ಆ ದಾರಿ ಮುಚ್ಚಿರುತ್ತದೆ.

ಪೇಟೆಂಟ್_ಪೊನ್ನಂಪೇಟೆ:
ಇಲ್ಲೂ ವಾಪಸ್ ಆದ ದಾವೆ ಒಂದು ಗುರುತು ಬಿಟ್ಟೇ ಹೋಗುತ್ತದೆ. ಸೆಕ್ಷನ್ 111ರಲ್ಲಿ, ಪೇಟೆಂಟ್ ಇದೆ ಅಂತ ಗೊತ್ತಿರಲಿಲ್ಲ, ಗೊತ್ತಾಗುವ ಕಾರಣವೂ ಇರಲಿಲ್ಲ ಅಂತ ಸಾಬೀತು ಮಾಡಿದವರ ಮೇಲೆ ನಷ್ಟ ಪರಿಹಾರ ಇಲ್ಲ. ದಾವಾಪತ್ರ ಕೈಗೆ ಬಂದ ಮೇಲೆ ಆ ಮಾತು ಹೇಳಲಾಗದು. ವಾಪಸ್ ಆದ ದಿನದಿಂದ ಹಳೇ ಮಾದರಿಯನ್ನೇ ಹಾಗೆಯೇ ಮಾರುತ್ತಾ ಹೋದರೆ, ಮುಂದಿನ ದಾವೆಯಲ್ಲಿ ಪೂರ್ತಿ ಲೆಕ್ಕ ಬೀಳುತ್ತದೆ.

ಗೋಣಿಕೊಪ್ಪ_ಸರ್ಜಿಕಲ್ಸ್:
ಹಕ್ಕು ಬಿಟ್ಟು ವಾಪಸ್ ಹೋಗಿದ್ದರೆ ಇನ್ನೊಂದು ದಾವೆ ಬರಲು ಸಾಧ್ಯವೇ ಇಲ್ಲ ಅಂದಿರಲ್ಲ?

ಕಪ್ಪುಕೋಟು_ಮಡಿಕೇರಿ:
"ಅದೇ ವಿಷಯ"ದ ಮೇಲೆ ಇಲ್ಲ. ಅಲ್ಲೇ ಇರುವುದು ಬಿಕ್ಕಟ್ಟು. ವಿಷಯ ಅಂದರೆ ವಸ್ತು ಮಾತ್ರವಲ್ಲ, ದಾವೆಗೆ ಕಾರಣವಾದ ಸಂಗತಿಗಳು ಮತ್ತು ಕೇಳಿದ ಪರಿಹಾರ ಸೇರಿ ಅಂತ 1970ರ ವಲ್ಲಭದಾಸ್ ತೀರ್ಪು ಹೇಳುತ್ತದೆ. ಉಲ್ಲಂಘನೆ ಮುಂದುವರಿಯುತ್ತಿದ್ದರೆ ಪ್ರತಿ ಸಲವೂ ಹೊಸ ಕಾರಣ ಹುಟ್ಟುತ್ತದೆ ಅನ್ನುವ ವಾದಕ್ಕೆ ಬೆಂಗಾಲ್ ವಾಟರ್‌ಪ್ರೂಫ್ ತೀರ್ಪಿನ ಬೆಂಬಲ ಇದೆ. ಅದು ಟ್ರೇಡ್‌ಮಾರ್ಕ್ ಪ್ರಕರಣ, ಆರ್ಡರ್ 2 ರೂಲ್ 2ರ (ಒಂದೇ ಕಾರಣದ ಎಲ್ಲ ಬೇಡಿಕೆ ಒಂದೇ ದಾವೆಯಲ್ಲಿ ಬರಬೇಕು ಎಂಬ ನಿಯಮದ) ಮೇಲೆ ಬಂದದ್ದು. ಆದರೂ ವಾದಿಯ ವಕೀಲರು ತಂದೇ ತರುತ್ತಾರೆ. ಹೊಸ ಮಾದರಿ ಬಿಟ್ಟರಂತೂ ಖಂಡಿತ. ಹಾಗಾಗಿ ಬರೀ ವಾಪಸ್ ಮೆಮೋ ಸಿಕ್ಕರೂ, ಮುಂದೆ ಮೊಕದ್ದಮೆ ಹೂಡುವುದಿಲ್ಲ ಎಂಬ ಕರಾರು ಬೇರೆ ಬೇಕು.

ಪೇಟೆಂಟ್_ಪೊನ್ನಂಪೇಟೆ:
ಆ ಕರಾರಿನಲ್ಲಿ ಪೇಟೆಂಟ್ ಸಂಖ್ಯೆಯ ಜೊತೆ ಅದರಿಂದ ಒಡೆದ ವಿಭಾಗಿತ ಅರ್ಜಿಗಳೂ (ಸೆಕ್ಷನ್ 16) ಸೇರಲಿ. ಮಾದರಿ ಸಂಖ್ಯೆ ಮಾತ್ರ ಬರೆಯಬೇಡಿ, "ಮತ್ತು ಒತ್ತಡ ಅಳೆಯುವ ವಿಧಾನದಲ್ಲಿ ಬದಲಾವಣೆ ಇಲ್ಲದ ಅದರ ಮುಂದಿನ ರೂಪಗಳು" ಅಂತ ಬರಲಿ. ವಿತರಕರು, ಆಸ್ಪತ್ರೆಗಳು, ಬಿಡಿಭಾಗ ಕೊಡುವವರು ಕರಾರಿನ ನೆರಳಿಗೆ ಬರಬೇಕು, ಇಲ್ಲದಿದ್ದರೆ ನಿಮ್ಮನ್ನು ಬಿಟ್ಟು ನಿಮ್ಮ ಗಿರಾಕಿಯನ್ನು ಹಿಡಿಯುತ್ತಾರೆ. ಪೇಟೆಂಟ್ ಮಾರಿದರೆ ಕೊಂಡವರೂ ಇದಕ್ಕೆ ಬದ್ಧರು ಅನ್ನುವ ಸಾಲು ಮರೆಯಬೇಡಿ.

ರಾಯಲ್ಟಿ ಕೊಟ್ಟು ಮುಗಿಸುವುದಾದರೆ ವಾಪಸ್ ಬೇಡವೇ ಬೇಡ. ಆರ್ಡರ್ 23 ರೂಲ್ 3ರ ಕೆಳಗೆ ರಾಜಿ ಡಿಕ್ರಿ ಮಾಡಿಸಿ. ವಾಪಸ್ ಆದ ಮೇಲೆ ಒಪ್ಪಂದ ಮುರಿದರೆ ಹೊಸ ದಾವೆ ಹಾಕಬೇಕು. ಡಿಕ್ರಿ ಇದ್ದರೆ ನೇರವಾಗಿ ಅಮಲ್ಜಾರಿ.

ಲೆಕ್ಕಪತ್ರ_ಸೋಮವಾರಪೇಟೆ:
ಅದರಲ್ಲಿ ವಾದಿಗೂ ಉಳಿತಾಯ ಇದೆ. 1958ರ ಕರ್ನಾಟಕ ಕೋರ್ಟ್ ಫೀ ಕಾಯ್ದೆಯಲ್ಲಿ, ಸಾಕ್ಷ್ಯ ದಾಖಲಾಗುವ ಮುನ್ನ ಎರಡೂ ಕಡೆಯವರ ಒಪ್ಪಂದದಿಂದ ದಾವೆ ಮುಗಿದರೆ ಅರ್ಧ ಫೀ ವಾಪಸ್. ಒಬ್ಬನೇ ಎದ್ದು ಹೋದರೆ ಆ ಲಾಭ ಕೇಳುವುದು ಕಷ್ಟ. ಮಾತುಕತೆಯಲ್ಲಿ ಇದನ್ನು ನೆನಪಿಸಿ, ಎದುರು ಕಡೆಯ ಲೆಕ್ಕಿಗರು ಕಿವಿ ನಿಮಿರಿಸುತ್ತಾರೆ.

ಕೂಡ್ಲೂರು_ಅಸೆಂಬ್ಲಿ:
ಪ್ರತಿದಾವೆ ಹಾಕಿಬಿಟ್ಟರೆ ಹೇಗೆ? ಪೇಟೆಂಟನ್ನೇ ರದ್ದು ಮಾಡಿ ಅಂತ.

ಕಪ್ಪುಕೋಟು_ಮಡಿಕೇರಿ:
ಶಕ್ತಿ ಇರುವ ಅಸ್ತ್ರ. ಸೆಕ್ಷನ್ 64ರ ಕೆಳಗೆ ರದ್ದತಿ ಪ್ರತಿದಾವೆ ಹಾಕಿದ ಕ್ಷಣ ಇಡೀ ದಾವೆ 104ರ ಪ್ರಕಾರ ಹೈಕೋರ್ಟಿಗೆ ಹೋಗುತ್ತದೆ, ನಮ್ಮ ಜಿಲ್ಲೆಗೆ ಅದು ಬೆಂಗಳೂರು. ಆಮೇಲೆ ವಾದಿ ತನ್ನ ದಾವೆ ವಾಪಸ್ ತಗೊಂಡರೂ ಪ್ರತಿದಾವೆ ಬದುಕಿರುತ್ತದೆ (ಆರ್ಡರ್ 8 ರೂಲ್ 6ಡಿ). ವಾದಿಗೆ ಇದೇ ಭಯ. ಹಾಕುವುದಾದರೆ ಅವನ ಮೆಮೋ ಬೀಳುವ ಮುಂಚೆ ಹಾಕಿ, ಬಿದ್ದ ಮೇಲೆ ಹೋದರೆ ದಾವೆಯೇ ಇಲ್ಲ ಎಂಬ ಆಕ್ಷೇಪ ಏಳುತ್ತದೆ.

ಪೇಟೆಂಟ್_ಪೊನ್ನಂಪೇಟೆ:
ಸರ್, ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಹತ್ತು ಜನ ಕೆಲಸ ಮಾಡುವ ಘಟಕಕ್ಕೆ ರದ್ದತಿ ಅಂದರೆ ತಜ್ಞ ಸಾಕ್ಷಿ, ಪೂರ್ವಜ್ಞಾನದ (ಪೇಟೆಂಟಿಗೆ ಮುಂಚೆಯೇ ಗೊತ್ತಿದ್ದ ತಂತ್ರದ) ಹುಡುಕಾಟ, ವರ್ಷಗಟ್ಟಲೆ ಬೆಂಗಳೂರಿನ ಓಡಾಟ. ಎದುರಾಳಿ ಹೋಗುತ್ತೇನೆ ಅಂದಾಗ ಅವನ ಕಾಲು ಹಿಡಿದು ನಿಲ್ಲಿಸುವುದು ಯಾಕೆ? ಪ್ರತಿದಾವೆಯ ಕರಡು ತೋರಿಸಿ, ಹಾಕಬೇಡಿ. ಒಮ್ಮೆ ಹಾಕಿದರೆ ಅದೇ ಪೇಟೆಂಟಿನ ಮೇಲೆ ಬೇರೆ ರದ್ದತಿ ಅರ್ಜಿ ಕೂಡ ನಡೆಸಲಾಗದು, 2014ರ ಅಲಾಯ್ಸ್ ವೊಬೆನ್ ತೀರ್ಪು ಒಂದೇ ದಾರಿ ಆರಿಸಿಕೊಳ್ಳಿ ಅಂದಿದೆ. ದಾವೆ ಹೋದ ಮೇಲೂ ಬೇಕೆನಿಸಿದರೆ 64ರ ಅರ್ಜಿ ಹೈಕೋರ್ಟಿನಲ್ಲಿ ಹಾಕಲು ದಾರಿ ಇದೆ.

ಕಪ್ಪುಕೋಟು_ಮಡಿಕೇರಿ:
ಅದೂ ಸರಿ ಮೇಡಂ. ಘಟಕದ ಪೂರ್ತಿ ವ್ಯಾಪಾರ ಆ ಒಂದು ಪಂಪಿನ ಮೇಲೆ ನಿಂತಿದ್ದರೆ ನಾನು ಹಾಕಿ ಅಂತಲೇ ಹೇಳುತ್ತೇನೆ. ಇಪ್ಪತ್ತು ಸಾಮಾನಿನಲ್ಲಿ ಅದೊಂದು ಅಂದರೆ ನೀವು ಹೇಳಿದ್ದು.

ಗೋಣಿಕೊಪ್ಪ_ಸರ್ಜಿಕಲ್ಸ್:
ದಾವೆ ಇಲ್ಲ ಅಂದಮೇಲೂ ಆಸ್ಪತ್ರೆಗಳಿಗೆ "ಇವರ ಪಂಪು ಕೊಂಡರೆ ಕೇಸು" ಅಂತ ಪತ್ರ ಹೋಗುತ್ತಿದ್ದರೆ?

ಪೇಟೆಂಟ್_ಪೊನ್ನಂಪೇಟೆ:
ಸೆಕ್ಷನ್ 106, ಆಧಾರವಿಲ್ಲದ ಬೆದರಿಕೆ. ತಡೆಯಾಜ್ಞೆ, ನಷ್ಟ ಎರಡನ್ನೂ ಕೇಳಬಹುದು. "ಇಂಥ ಪೇಟೆಂಟ್ ಇದೆ" ಅಂತ ಬರೀ ತಿಳಿಸಿದ ಪತ್ರ ಬೆದರಿಕೆ ಆಗದು, ಆದ್ದರಿಂದ ಪತ್ರದ ಮೂಲ ಪ್ರತಿ, ಲಕೋಟೆ ಸಮೇತ ಇಟ್ಟುಕೊಳ್ಳಿ. ಕೆಲವರು ಉಲ್ಲಂಘನೆ ಆಗಿಲ್ಲ ಎಂಬ ಸೆಕ್ಷನ್ 105ರ ಘೋಷಣೆಗೆ ಓಡುತ್ತಾರೆ. ಅದರಲ್ಲಿ ಮೊದಲು ಪೇಟೆಂಟುದಾರರಿಗೆ ಪೂರ್ತಿ ವಿವರ ಬರೆದು ಒಪ್ಪಿಗೆ ಕೇಳಿರಬೇಕು, ಅವರು ಕೊಡದೇ ಇರಬೇಕು. ಪೇಟೆಂಟ್ ಸಿಂಧುವೇ ಅಂತ ಅಲ್ಲಿ ಕೇಳುವಂತಿಲ್ಲ. ವಿಶೇಷ ಕಾರಣ ಇಲ್ಲದಿದ್ದರೆ ಎಲ್ಲರ ಖರ್ಚೂ ದಾವೆ ಹಾಕಿದವರದ್ದೇ. ಗೆದ್ದರೂ ಕೈಯಿಂದ ಹೋಗುತ್ತದೆ!

ಟೆಂಡರಿಗೆ ಹಾಕುವವರು ವಾಪಸ್ ಆದೇಶದ ದೃಢೀಕೃತ ನಕಲನ್ನು ಮೊದಲ ವಾರದಲ್ಲೇ ತೆಗೆಸಿ. "ಬಾಕಿ ವ್ಯಾಜ್ಯ ಇದೆಯೇ" ಕಾಲಂಗೆ ಬಾಯಿಮಾತು ನಡೆಯದು.

ಬಯೋಮೆಡಿಕಲ್_ವಿರಾಜಪೇಟೆ:
ಯಾರೂ ಹೇಳದ ಒಂದು ವಿಷಯ. ಕಮಿಷನರ್ ಬಂದು ಮಹಜರು ಮಾಡಿ ಸೀಲ್ ಹಾಕಿದ ಪೆಟ್ಟಿಗೆಗಳು? ದಾವೆ ವಾಪಸ್ ಆದರೆ ಮಧ್ಯಂತರ ಆದೇಶ ಬೀಳುತ್ತದೆ, ಆದರೆ ಸೀಲ್ ತಾನಾಗಿ ಕಳಚುವುದಿಲ್ಲ. ಆದೇಶದಲ್ಲೇ "ಮಹಜರಿನ ಇಷ್ಟನೇ ಪಟ್ಟಿಯ ಸರಕನ್ನು ಬಿಡುಗಡೆ ಮಾಡಲಾಗಿದೆ" ಅಂತ ಬರಬೇಕು. ನೀವೇ ಒಡೆದರೆ ಬೇರೆ ತಲೆನೋವು.

ಬಿಡುಗಡೆ ಆದ ಕೂಡಲೇ ಮಾರಬೇಡಿ. ಸ್ಪಂಜು ಕಿಟ್ ಎಥಿಲೀನ್ ಆಕ್ಸೈಡ್‌ನಲ್ಲಿ ಕ್ರಿಮಿರಹಿತ ಮಾಡಿದ್ದು. ಆ ಪೌಚಿನ ಒಂದು ಮೈ ಗಾಳಿಯಾಡುವ ವಸ್ತು. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಎರಡು ತಿಂಗಳು ನೆಲಕ್ಕೆ ತಾಗಿ, ಗೋಡೆಗೆ ಒರಗಿ ಕೂತ ಪೆಟ್ಟಿಗೆಯಲ್ಲಿ ಹೊರ ರಟ್ಟು ಬೂಷ್ಟು ಹಿಡಿದಿರುತ್ತದೆ, ಪೌಚಿನ ಅಂಚು ಎದ್ದಿರುತ್ತದೆ. ಪೂರ್ತಿ ಲಾಟನ್ನು ಪ್ರತ್ಯೇಕ ಇಡಿ. ಲಾಟ್ ಸಂಖ್ಯೆ, ತಯಾರಿಕೆ ದಿನ, ಅವಧಿ ಮುಗಿಯುವ ದಿನ ಮಹಜರಿನೊಂದಿಗೆ ತಾಳೆ ನೋಡಿ. ಸೀಲನ್ನು ಬರಿಗಣ್ಣಲ್ಲಿ ನೋಡಿ, ಆಮೇಲೆ ಕೆಲವು ಪೌಚುಗಳಿಗೆ ಬಣ್ಣದ ದ್ರಾವಣದ ಪರೀಕ್ಷೆ ಮಾಡಿ: ಬಣ್ಣ ಸೀಲಿನ ಅಡ್ಡಕ್ಕೆ ನುಸುಳಿದರೆ ಆ ಲಾಟ್ ಹೋಯಿತು. ಪರೀಕ್ಷೆಗೆ ಬಳಸಿದ ಪೌಚುಗಳನ್ನು ಮತ್ತೆ ಸರಕಿಗೆ ಸೇರಿಸಬೇಡಿ.

ಕೋರ್ಟಿಗೆ ಕೊಟ್ಟ ಮಾದರಿ ಪಂಪು ವಾಪಸ್ ಬಂದರೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಒತ್ತಡ ಸಂವೇದಕವನ್ನು 125ರಲ್ಲಿ ಮತ್ತೆ ಅಳೆದು ನೋಡದೆ ಡೆಮೊಗೆ ಕೂಡ ಒಯ್ಯಬೇಡಿ.

ಕಪ್ಪುಕೋಟು_ಮಡಿಕೇರಿ:
ಒಳ್ಳೇ ನೆನಪು. ಆ ಸರಕಿನ ನಷ್ಟಕ್ಕೆ ಸಿಪಿಸಿ ಸೆಕ್ಷನ್ 95 ಇದೆ, ಸಾಲದ ಕಾರಣಕ್ಕೆ ತಡೆಯಾಜ್ಞೆ ಪಡೆದದ್ದಕ್ಕೆ ಪರಿಹಾರ, ಆದರೆ ಗರಿಷ್ಠ ₹50,000. ತಡೆಯಾಜ್ಞೆ ಸಿಗುವಾಗ ವಾದಿ ನಷ್ಟ ತುಂಬುತ್ತೇನೆ ಅಂತ ಮುಚ್ಚಳಿಕೆ ಕೊಟ್ಟಿದ್ದರೆ ಅದರ ಮೇಲೆ ಹೋಗುವುದು ವಾಸಿ. ಎರಡಕ್ಕೂ ಲಾಟ್‌ವಾರು ಲೆಕ್ಕ ಬೇಕು. ವಾಪಸ್ ಆದೇಶಕ್ಕೆ ಮುಂಚೆಯೇ ಈ ಮಾತು ಎತ್ತಿ.

ಇನ್ನು ಹಕ್ಕು ಕಾಯ್ದಿರಿಸಿ ಹೋದ ವಾದಿ ಮತ್ತೆ ಬರುವಾಗ ಏಕಪಕ್ಷೀಯ ತಡೆಯಾಜ್ಞೆ ತರುತ್ತಾನೆ. ಸಿಪಿಸಿ ಸೆಕ್ಷನ್ 148ಎ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಬೇಡ ಎಂಬ ಮುನ್ನರ್ಜಿ) ಹಾಕಿಡಿ, ಮಡಿಕೇರಿಯಲ್ಲಿ ಮಾತ್ರವಲ್ಲ, ಪಂಪು ಮಾರಿದ ಇತರ ಕಡೆಗಳಲ್ಲೂ. ಅದರ ಆಯಸ್ಸು 90 ದಿನ. 85ನೇ ದಿನಕ್ಕೆ ಫೋನಿನಲ್ಲಿ ಅಲಾರಂ ಇಟ್ಟು ಹೊಸದು ಹಾಕಿ.

ಕೂಡ್ಲೂರು_ಅಸೆಂಬ್ಲಿ:
ಎಲ್ಲರಿಗೂ ಧನ್ಯವಾದ. ಇಂಥ ಮೆಮೋ ಕರಡು ಬಂದರೆ ಹೇಗೆ ನೋಡಬೇಕು ಹೇಳಿ: "ವಾದಿಯು ಸದ್ಯಕ್ಕೆ ದಾವೆಯನ್ನು ಮುಂದುವರಿಸಲು ಇಚ್ಛಿಸದೆ, ಕಾನೂನಿನಲ್ಲಿ ಲಭ್ಯವಿರುವ ತನ್ನ ಹಕ್ಕುಗಳಿಗೆ ಬಾಧಕವಾಗದಂತೆ ದಾವೆಯನ್ನು ಹಿಂಪಡೆಯುತ್ತಾನೆ. ಪ್ರತಿವಾದಿಯ ಆಕ್ಷೇಪಣೆ ಇರುವುದಿಲ್ಲ. ಖರ್ಚು ಅವರವರದ್ದು."

ಕಪ್ಪುಕೋಟು_ಮಡಿಕೇರಿ:
"ಸದ್ಯಕ್ಕೆ" ಹೊಡೆಯಿರಿ. "ಹಕ್ಕುಗಳಿಗೆ ಬಾಧಕವಾಗದಂತೆ" ಹೊಡೆಯಿರಿ. ಐಎ ಹಾಕದೆ, ಕಾರಣ ಹೇಳದೆ ಮೆಮೋದ ಮೂಲಕ ಅನುಮತಿಯನ್ನು ನುಸುಳಿಸುವ ಸಾಲು ಅದು. ಅದರ ಮೇಲೆ ನಿಮ್ಮ ಆಕ್ಷೇಪಣೆ ಇಲ್ಲ ಅಂತ ಬೇರೆ. ಖರ್ಚು ಬಿಟ್ಟುಕೊಡುವುದಾದರೆ ಬಿಡಿ, ಆದರೆ ಬದಲಿಗೆ ಕರಾರು ಸಿಗಬೇಕು. ಉಳಿಯಬೇಕಾದದ್ದು ಇಷ್ಟು: "ವಾದಿಯು ಆರ್ಡರ್ 23 ರೂಲ್ 1(1)ರ ಅಡಿಯಲ್ಲಿ, ಹೊಸ ದಾವೆ ಹೂಡಲು ಅನುಮತಿ ಕೋರದೆ, ಈ ದಾವೆಯನ್ನು ಸಂಪೂರ್ಣವಾಗಿ ಹಿಂಪಡೆಯುತ್ತಾನೆ. ಮಹಜರಿನಲ್ಲಿ ನಮೂದಿಸಿದ ಸರಕನ್ನು ಪ್ರತಿವಾದಿಗೆ ಬಿಡುಗಡೆ ಮಾಡಲು ವಾದಿಯ ಆಕ್ಷೇಪಣೆ ಇರುವುದಿಲ್ಲ."

ಕೆಳಗೆ ಸಹಿ ಯಾರದ್ದು ಅಂತ ನೋಡಿ. ಪೇಟೆಂಟುದಾರ ಕಂಪನಿ ಮತ್ತು ಅದರ ಲೈಸೆನ್ಸುದಾರ ಇಬ್ಬರೂ ವಾದಿಗಳಾಗಿದ್ದರೆ ಇಬ್ಬರೂ ಹಾಕಬೇಕು, ಒಬ್ಬ ವಾದಿ ಇನ್ನೊಬ್ಬನ ಸಮ್ಮತಿ ಇಲ್ಲದೆ ಹಿಂಪಡೆಯುವಂತಿಲ್ಲ (ಉಪನಿಯಮ 5). ಕಂಪನಿ ಪರವಾಗಿ ಸಹಿ ಹಾಕಿದವರಿಗೆ ಬೋರ್ಡ್ ನಿರ್ಣಯ ಇದೆಯೇ, ಅದರ ಪ್ರತಿ ಮೆಮೋದ ಜೊತೆ ಇದೆಯೇ ಅನ್ನುವುದನ್ನೂ ನೋಡಿಕೊಳ್ಳಿ.

ಕೂಡ್ಲೂರು_ಅಸೆಂಬ್ಲಿ:
ಲೈಸೆನ್ಸುದಾರನ ಸಹಿಯ ಜಾಗ ಕರಡಿನಲ್ಲಿ ಇಲ್ಲವೇ ಇಲ್ಲ ಅಂದರೆ?

ಕಪ್ಪುಕೋಟು_ಮಡಿಕೇರಿ:
ಹಾಗಾದರೆ ಅವನ ದಾವೆ ಇನ್ನೂ ಜೀವಂತ. ವಾಯಿದೆ ದಿನ ತಕರಾರು ಕೈಯಲ್ಲಿ ಹಿಡಿದೇ ಬನ್ನಿ.